ಎಲ್‌ಇಡಿ ಲೈಟ್ ಕೊಳ್ಳೋಕೆ ಹೋಗುವಾಗ ಒಂದು ಕೆಂಪು ರೇಷ್ಮೆ ಸೀರೆ ಜೊತೆಗಿರಲಿ

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ ಸೀಸನ್ ಇಲ್ಲದಾಗ ಬಟ್ಟೆ ಅಂಗಡಿಗಳಿಗೆ ಮಾಡೆಲ್ ಶೂಟ್ ಮಾಡಿಕೊಡುತ್ತೇನೆ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮುಂಚೆ ಆದ ನಷ್ಟ ಇದು. ಹೊಸದಾಗಿ ಸ್ಟುಡಿಯೋ ಹಾಕುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ ಎರಡು ಫ್ಲ್ಯಾಶ್ ಇದ್ದವು. ಅಂಗಡಿಯ ಅಕ್ಕ ಫೋಟೋ ಜೊತೆ ರೀಲ್ಸ್ ಕೂಡ ಬೇಕು ಅಂದರು. ಅದಕ್ಕೇ ಎರಡು ಎಲ್‌ಇಡಿ ಲೈಟ್ ತಂದೆ. ಡಬ್ಬದ ಮೇಲೆ ‘ಸಿಆರ್‌ಐ 95’ ಅಂತ ದಪ್ಪಕ್ಷರದಲ್ಲಿತ್ತು. ಲೈಟ್ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನೋದಕ್ಕೆ 100ರವರೆಗಿನ ಅಂಕ ಅದು. ನೋಡಿ ನಂಬಿಬಿಟ್ಟೆ.

18 ರೇಷ್ಮೆ ಸೀರೆ. ಮಾಡೆಲ್‌ನ ಬಲಕ್ಕೆ, ಕಣ್ಣಿಗಿಂತ ಸ್ವಲ್ಪ ಮೇಲೆ, 45 ಡಿಗ್ರಿಯಲ್ಲಿ ಹೊಸ ಎಲ್‌ಇಡಿಗೆ ಹಾಕಿದ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗೆ ಹರಡುವ ಬಟ್ಟೆಯ ಪೆಟ್ಟಿಗೆ). ಎಡಕ್ಕೆ ಬಿಳಿ ಥರ್ಮಾಕೋಲ್ ಶೀಟ್. ನೆರಳು ಮೆತ್ತಗೆ ಬಿತ್ತು, ಜರಿ ಎಲ್ಲೂ ಸುಟ್ಟುಹೋಗಲಿಲ್ಲ. ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಮಾಡಿದೆ, ಅಂದರೆ ಆ ಬೆಳಕಲ್ಲಿ ಬಿಳಿ ಬಿಳಿಯಾಗೇ ಕಾಣುವಂತೆ ಕ್ಯಾಮೆರಾ ಹೊಂದಿಸಿದೆ. ಬಿಳಿ ಬಿಳಿಯಾಗೇ ಬಂತು. ಆದರೆ ಕುಂಕುಮದ ಬಣ್ಣದ ಸೀರೆ ಇಟ್ಟಿಗೆ ಥರ ಕಾಣುತ್ತಿತ್ತು. ಎಡಿಟಿಂಗ್‌ನಲ್ಲಿ ಕೆಂಪು ಏರಿಸಿದೆ. ಹುಡುಗಿಯ ಕೆನ್ನೆ ಬಿಸಿಲಿಗೆ ಬೆಂದ ಹಾಗಾಯಿತು, ಜರಿ ತಾಮ್ರವಾಯಿತು. ಸ್ವಲ್ಪ ಇಳಿಸಿ ಹಾಗೇ ಕೊಟ್ಟುಬಿಟ್ಟೆ. ಅದೇ ನನ್ನ ದೊಡ್ಡ ತಪ್ಪು.

ವಾರದೊಳಗೆ ಅಕ್ಕನ ಫೋನ್. ‘ಏನಪ್ಪಾ, ಐದು ಸೀರೆ ವಾಪಸ್ ಬಂದಿವೆ. ಫೋಟೋದಲ್ಲಿ ಒಂದು ಬಣ್ಣ, ಕೈಗೆ ಬಂದಿದ್ದು ಇನ್ನೊಂದು ಬಣ್ಣ ಅಂತಾರೆ. ನಾನೇನು ಹೇಳಲಿ?’ ಹಬ್ಬದ ವ್ಯಾಪಾರದ ಹೊತ್ತು. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಗೆಳೆಯನೊಬ್ಬ ಮೀಟರ್ ತಂದು ಅಳೆದ. ಸಿಆರ್‌ಐ 82 ಇತ್ತು. ಆರ್‌9 ಬರೀ 9. ಈ ಆರ್‌9 ಅನ್ನೋದನ್ನು ಯಾರೂ ನಮಗೆ ಹೇಳೋದೇ ಇಲ್ಲ. ಸಿಆರ್‌ಐ ಅಂದರೆ 8 ತಿಳಿ ಬಣ್ಣಗಳ ಸರಾಸರಿ ಅಷ್ಟೇ. ಗಾಢ ಕೆಂಪು ಆ ಲೆಕ್ಕದಲ್ಲೇ ಇಲ್ಲ, ಅದನ್ನು ಆರ್‌9 ಅಂತ ಬೇರೆ ಅಳೆಯುತ್ತಾರೆ. ಲೈಟ್‌ನಲ್ಲೇ ಆ ಕೆಂಪು ಕಮ್ಮಿ ಇದ್ದರೆ ಸೀರೆ ಎಲ್ಲಿಂದ ತೋರಿಸಬೇಕು? ಚರ್ಮದ ಜೀವಕಳೆಯೂ ಕೆಂಪಿನಲ್ಲೇ ಇರೋದು ಅಲ್ವಾ? ಎಡಿಟಿಂಗ್‌ಗೆ ಮುಂಚೆ ಹುಡುಗಿಯ ಮುಖ ಸಪ್ಪೆ ಬಂದಿದ್ದೂ ಅದಕ್ಕೇ.

ಹಾಗಾಗಿ ಲೈಟ್ ಕೊಳ್ಳುವಾಗ ಹಗಲು ಹೊತ್ತಿನಲ್ಲೇ ಹೋಗಿ. ಕೆಂಪು ರೇಷ್ಮೆಯನ್ನು ಅಂಗಡಿ ಬಾಗಿಲ ಬೆಳಕಲ್ಲಿ ಒಂದು ಫೋಟೋ, ಆ ಲೈಟ್ ಕೆಳಗೆ ಇನ್ನೊಂದು ಫೋಟೋ ತೆಗೆಯಿರಿ. ಎರಡರಲ್ಲೂ ನಿಮ್ಮ ಅಂಗೈ ಇರಲಿ. ಎರಡು ಸಲವೂ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ. ಕೆಂಪು ಬೇರೆಯಾಗಿ ಕಂಡರೆ ಎದ್ದು ಬನ್ನಿ. ಆರ್‌9 ಎಷ್ಟು ಅಂತ ಕೇಳಿ, 90ರ ಮೇಲಿದ್ದರೆ ಒಳ್ಳೆಯದು. ಶಟರ್ 1/1000 ಸೆಕೆಂಡ್ ಇಟ್ಟು ನಾಲ್ಕೈದು ಫೋಟೋನೂ ತೆಗೆಯಿರಿ. ನಮ್ಮ ಕರೆಂಟ್ 50 ಹರ್ಟ್ಸ್, ಕಳಪೆ ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆಗ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತವೆ.

ಬಣ್ಣ ಮುಖ್ಯವಾದ ಫೋಟೋಗೆ ನಾನು ಮತ್ತೆ ಫ್ಲ್ಯಾಶ್‌ಗೇ ಬಂದೆ. ಅದರ ಬೆಳಕು ಹಗಲಿಗೆ ಹತ್ತಿರ, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಸುಮಾರು 5500 ಕೆಲ್ವಿನ್. ರೂಮಿನ ಟ್ಯೂಬ್‌ಲೈಟ್ ಆರಿಸಿ, ಮೊದಲು ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆಯುತ್ತೇನೆ. ಅದು ಪೂರ್ತಿ ಕಪ್ಪಾಗಿ ಬಂದರೆ, ಅಂದರೆ ಬೇರೆ ಬೆಳಕು ಬೆರೆತಿಲ್ಲ ಅಂತಾದರೆ ಮಾತ್ರ ಮುಂದಿನ ಕೆಲಸ.

18 ಸೀರೆಯನ್ನೂ ಮತ್ತೆ ಶೂಟ್ ಮಾಡಿಕೊಟ್ಟೆ. ಮಾಡೆಲ್, ಮೇಕಪ್ ಎಲ್ಲದರ ದುಡ್ಡೂ ನನ್ನದೇ. ಲೈಟ್ ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಬಿಲ್‌ನಲ್ಲಿ ‘ಎಲ್‌ಇಡಿ ಲೈಟ್ 2’ ಅಂತ ಮಾತ್ರ ಇತ್ತು. ನೀವು ಸಿಆರ್‌ಐ, ಆರ್‌9 ಎರಡನ್ನೂ ಬಿಲ್‌ನಲ್ಲೇ ಬರೆಸಿಕೊಳ್ಳಿ.