350 ರೂಪಾಯಿಯ ಮಲ್ಟಿಮೀಟರ್, ಹಳೇ ಪಿಕಪ್, ಮೂರು ಮಳೆಗಾಲ

ತಂದ ವಾರವೇ ಬರೆದಿದ್ದರೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಮೂರು ಮಳೆಗಾಲ ಕಳೆದ ಮೇಲೆ ಈಗ ಮೂರೂವರೆ.

ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನೇತುಹಾಕಿರುತ್ತಾರಲ್ಲ, ವೋಲ್ಟ್, ಕರೆಂಟ್ ಅಳೆಯುವ ಆ ಹಳದಿ ಬಣ್ಣದ ಪುಟ್ಟ ಡಿಜಿಟಲ್ ಮೀಟರ್. ಶಿವಮೊಗ್ಗದಲ್ಲಿ 350 ರೂಪಾಯಿಗೆ ತಂದಿದ್ದು. ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ, ಗೊಬ್ಬರ ಹೊರಲು 2006ರ ಡೀಸೆಲ್ ಪಿಕಪ್ ಇದೆ.

ಮೀಟರ್ ತಂದ ವರ್ಷದ ಜುಲೈನಲ್ಲಿ ಒಂದು ರಾತ್ರಿ ಶಿವಮೊಗ್ಗದಿಂದ ವಾಪಸ್ ಬರುವಾಗ ಮಂಡಗದ್ದೆ ಹತ್ತಿರ ಹೆಡ್‌ಲೈಟ್ ಬುಡ್ಡಿದೀಪದ ಹಾಗಾಯಿತು. ವೈಪರ್ ತೆವಳತೊಡಗಿತು. ಬೆಳಿಗ್ಗೆ ಸೆಲ್ಫ್ ಎತ್ತಲಿಲ್ಲ. ಗ್ಯಾರೇಜಿನಲ್ಲಿ ‘ಬ್ಯಾಟರಿ ಹೋಗಿದೆ ಸಾರ್’ ಅಂದರು, ಹೊಸದು ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತದೇ ಕಥೆ. ಇನ್ನೊಬ್ಬರು ಡೈನಮೋ ಬದಲಿಸಬೇಕು ಅಂದರು. ಆಲ್ಟರ್ನೇಟರ್‌ಗೆ ನಮ್ಮ ಕಡೆ ಇನ್ನೂ ಡೈನಮೋ ಅಂತಲೇ ಹೆಸರು, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಅದೇ. ಅದರ ರೇಟು ಕೇಳಿದ ಮೇಲೆ ಸೀದಾ ಹೋಗಿ ಈ ಮೀಟರ್ ತಂದೆ.

ಲೆಕ್ಕ ಸುಲಭ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಆಫ್ ಮಾಡಿದ ಕೂಡಲೇ ಅಳೆಯಬೇಡಿ, ಸುಮ್ನೆ ಜಾಸ್ತಿ ತೋರಿಸುತ್ತದೆ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ನನ್ನದು ಬೆಳಿಗ್ಗೆ 12.1. ಎಂಜಿನ್ ಸ್ವಲ್ಪ ರೇಸ್ ಮಾಡಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದಾಗ ಬ್ಯಾಟರಿ ಮೇಲೆ 13.1. ಡೈನಮೋ ಸತ್ತಿದೆ ಅನ್ನಲು ಇಷ್ಟು ಸಾಕು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೆ ಡೈನಮೋದ ದಪ್ಪ ವೈರಿನ ಬೋಲ್ಟಿಗೂ ಅದರ ಬಾಡಿಗೂ ಮೀಟರ್ ಹಿಡಿದರೆ 14.2! ಹುಟ್ಟುವಾಗ 14.2, ಬ್ಯಾಟರಿ ಮುಟ್ಟುವಾಗ 13.1. ದಾರಿಯಲ್ಲಿ ಯಾರೋ 1.1 ವೋಲ್ಟ್ ತಿನ್ನುತ್ತಿದ್ದಾರೆ.

ಕಳ್ಳನನ್ನು ಹಿಡಿದಿದ್ದು ಹೀಗೆ. ಲೈಟೆಲ್ಲ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಡೈನಮೋ ಬಾಡಿಗೆ ಇಟ್ಟೆ. 0.1. ಅರ್ಥ್ ಸರಿ ಇದೆ. ಆಮೇಲೆ ಬ್ಯಾಟರಿ ಪ್ಲಸ್ಸಿಗೂ ಡೈನಮೋ ಬೋಲ್ಟಿಗೂ ಇಟ್ಟೆ. 1.0. ಆ ಬೋಲ್ಟಿನ ರಬ್ಬರ್ ಟೋಪಿ ಸರಿಸಿ ನೋಡಿದರೆ ಲಗ್ (ಬೋಲ್ಟಿಗೆ ಸಿಕ್ಕಿಸುವ, ವೈರ್ ತುದಿಯ ಲೋಹದ ಬಳೆ) ತುಂಬ ಹಸಿರು ಕಿಲುಬು. ನಮ್ಮ ಮಳೆಗಾಲದಲ್ಲಿ ಮರದ ಬಾಗಿಲಿಗೇ ಬೂಷ್ಟು ಹಿಡಿಯುತ್ತದೆ, ತಾಮ್ರ ಬಿಟ್ಟೀತೇ? ವೈರ್ ತುದಿ ಕತ್ತರಿಸಿ ಹೊಸ ಲಗ್ ಹಾಕಿಸಿದೆ. 0.15ಕ್ಕೆ ಇಳಿಯಿತು, ಬ್ಯಾಟರಿಗೆ 14 ಬಂತು. ಹಳೇ ಡೈನಮೋ ಇವತ್ತಿಗೂ ಓಡುತ್ತಿದೆ. ಈ ಪರೀಕ್ಷೆಗೆ ಲೈಟ್ ಹಾಕಿರಲೇಬೇಕು. ಕರೆಂಟ್ ಹರಿಯದಿದ್ದರೆ ಕೊಳೆತ ಲಗ್ಗೂ ಸಾಚಾನ ಹಾಗೆ ಕೂತಿರುತ್ತದೆ. ಗಾಡಿಯ ಮೀಟರ್ ಬೋರ್ಡಿನ ಬ್ಯಾಟರಿ ದೀಪ ಒಮ್ಮೆಯೂ ಹತ್ತಿರಲಿಲ್ಲ, ಡೈನಮೋ ಕೆಲಸ ಮಾಡುತ್ತಲೇ ಇತ್ತಲ್ಲ.

ಇಲ್ಲಿಯವರೆಗೆ ಹೊಗಳಿಕೆ.

ಎರಡನೇ ವರ್ಷ ಇದೇ ಮೀಟರ್ ನನ್ನನ್ನು ಹೆದರಿಸಿತು. ಎಂಜಿನ್ ಓಡುವಾಗ 15.4! ಕಟೌಟ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ರೆಗ್ಯುಲೇಟರ್) ಹೋಯಿತು, ಬ್ಯಾಟರಿ ಕುದಿಯುತ್ತದೆ ಅಂತ ಗಾಡಿಯನ್ನೇ ತೆಗೆಯಲಿಲ್ಲ. ಮಾರನೇ ಬೆಳಿಗ್ಗೆ ನಿಂತ ಗಾಡಿಯಲ್ಲಿ ಅಳೆದರೆ 13.6. ರಾತ್ರಿಯಿಡೀ ನಿಂತ ಬ್ಯಾಟರಿ ಅಷ್ಟು ತೋರಿಸುವುದುಂಟೇ? ತಪ್ಪು ಮೀಟರಿನೊಳಗಿನ 9 ವೋಲ್ಟ್ ಸೆಲ್ಲಿನದು. ಅದು ಸೊರಗಿದರೆ ಇಂಥ ಅಗ್ಗದ ಮೀಟರುಗಳು ಕಡಿಮೆ ತೋರಿಸುವುದಿಲ್ಲ, ಜಾಸ್ತಿ ತೋರಿಸುತ್ತವೆ. ಎಚ್ಚರಿಕೆಯ ಗುರುತೂ ನನ್ನದರಲ್ಲಿ ಬರಲಿಲ್ಲ. ಹೊಸ ಸೆಲ್ ಹಾಕಿದ ಮೇಲೆ 14.3. ಸ್ಟಾರ್ ಇಳಿಸಿದ್ದಕ್ಕೆ ಮುಖ್ಯ ಕಾರಣ ಇದೇ.

ಇನ್ನೊಂದು ತಪ್ಪು ನಮ್ಮ ಭಾವನದು. ಮೀಟರಿನ ಕೆಂಪು ವೈರನ್ನು ಕರೆಂಟ್ ಅಳೆಯುವ 10 ಆಂಪ್ ತೂತಿನಲ್ಲೇ ಬಿಟ್ಟು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರು. ಆ ತೂತಿಗೆ ಫ್ಯೂಸ್ ಇಲ್ಲ. ಕಿಡಿ ಹಾರಿ ವೈರ್ ಕರಗಿತು. ‘ಎಂತ ವಾಸನೆ ಮಾರಾಯ?’ ಅಂತ ನನ್ನನ್ನೇ ಕೇಳಿದರು! ಮೀಟರ್ ಬದುಕಿತು. ವೈರ್ ಜೋಡಿ ಬೇರೆ ತಂದೆ. ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಅವೇ ಚೆನ್ನಾಗಿವೆ.

ಡೈನಮೋದೊಳಗಿನ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಕೆಟ್ಟಿದೆಯಾ ಅಂತ ನೋಡಲು ಇದು ಆಗುವುದಿಲ್ಲ. ಅದಕ್ಕೆ ಅರ್ಧ ವೋಲ್ಟಿನಷ್ಟು ಸಣ್ಣ ಎಸಿ ವೋಲ್ಟೇಜನ್ನು ಅಳೆಯಬೇಕು, ಇದರಲ್ಲಿ ಎಸಿ ಶುರುವಾಗುವುದೇ 200 ವೋಲ್ಟಿನ ರೇಂಜಿನಿಂದ. ಪರದೆಗೆ ಬೆಳಕೂ ಇಲ್ಲ. ಮಳೆಯಲ್ಲಿ, ಕತ್ತಲಲ್ಲಿ, ಬಾನೆಟ್ ಕೆಳಗೆ ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನೋಡಬೇಕು.

ಹೊಸದಾಗಿ ತಗೊಳ್ಳುವವರು ಇನ್ನೊಂದಿಷ್ಟು ಕೊಟ್ಟು ಬೆಳಕಿರುವ, 10 ಆಂಪಿಗೂ ಫ್ಯೂಸ್ ಇರುವ ಮೀಟರ್ ತಗೊಳ್ಳಿ. ನನ್ನದು ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಇದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಪಕ್ಕದಲ್ಲಿ ಒಂದು ಹೊಸ 9 ವೋಲ್ಟ್ ಸೆಲ್.