ಅಂಚಿನಲ್ಲಿ ಬರೆದ ಮೇಷ್ಟರು: ಇಗ್ನೋದಲ್ಲಿ ಇತಿಹಾಸ ಎಂ.ಎ.

ನಾನು ಸಾಗರ ತಾಲ್ಲೂಕಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಬಿ.ಎ. ಮುಗಿಸಿ ಇಪ್ಪತ್ತು ವರ್ಷವಾದ ಮೇಲೆ, ಮಗ ಪಿಯುಸಿಗೆ ಹೋದ ವರ್ಷವೇ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಇತಿಹಾಸ ಎಂ.ಎ.ಗೆ ಸೇರಿದೆ. ಎರಡು ವರ್ಷದ ಓದನ್ನು ಮೂರೂವರೆ ವರ್ಷಕ್ಕೆ ಎಳೆದು ಮುಗಿಸಿದೆ. ಅಡಿಕೆ ತೂಕ ಹಾಕಿಸಲು ಬಂದವರೂ ಈಗ ನನ್ನನ್ನು ನಿಲ್ಲಿಸಿ, ಮಗಳನ್ನು ಅಲ್ಲಿಗೆ ಸೇರಿಸಬಹುದೇ, ಅಲ್ಲಿ ಪಾಠ ಮಾಡುತ್ತಾರೆಯೇ ಎಂದು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರಿಸಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಮಾಡುತ್ತಾರೆ, ಆದರೆ ಪಾಠವನ್ನು ನಂಬಿಕೊಂಡು ಸೇರಬೇಡಿ. 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಈ ವಿಶ್ವವಿದ್ಯಾಲಯದ ಮುಖ್ಯ ಆವರಣ ದೆಹಲಿಯ ಮೈದಾನ್ ಗಢಿಯಲ್ಲಿದೆ. ಪಠ್ಯ ಬರೆಸುವ ಪ್ರಾಧ್ಯಾಪಕರು ಇರುವುದು ಅಲ್ಲಿ. ನಮಗೆ ಎದುರಾಗುವವರು ಅಧ್ಯಯನ ಕೇಂದ್ರದ ಸಮಾಲೋಚಕರು. ಇವರು ವಿಶ್ವವಿದ್ಯಾಲಯದ ಕಾಯಂ ಅಧ್ಯಾಪಕರಲ್ಲ. ಸ್ಥಳೀಯ ಕಾಲೇಜುಗಳಲ್ಲಿ ಪಾಠ ಹೇಳುವವರು, ನಿವೃತ್ತರು ಗೌರವಧನಕ್ಕೆ ರಜಾದಿನಗಳಲ್ಲಿ ಬಂದು ಹೋಗುತ್ತಾರೆ. ನನ್ನಂಥ ಕೋರ್ಸಿಗೆ ತರಗತಿಯ ಹಾಜರಿ ಕಡ್ಡಾಯವಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ಕೂತು ನಾನು ಹೋದ ಮೊದಲ ಭಾನುವಾರ ಇದ್ದವರು ಮೂರೇ ಜನ: ನಾನು, ಒಬ್ಬ ಪೊಲೀಸ್ ಪೇದೆ, ಮತ್ತು ಸಮಾಲೋಚಕರು. ಅವರು ಹರಪ್ಪದ ಬಗ್ಗೆ ಎರಡು ಗಂಟೆ ಸೊಗಸಾಗಿ ಮಾತನಾಡಿದರು. ಪೇದೆ ಅರ್ಧದಲ್ಲಿ ಬಂದೋಬಸ್ತಿಗೆ ಹೊರಟರು.

ನಿಜವಾಗಿ ಕಲಿಸುವುದು ಪುಸ್ತಕ. ಅಂಚೆಯಲ್ಲಿ ಬರುವ ಆ ತೆಳು ಸಂಪುಟಗಳಿಗೆ ಬ್ಲಾಕ್ ಎನ್ನುತ್ತಾರೆ, ಒಳಗಿನ ಅಧ್ಯಾಯಕ್ಕೆ ಯೂನಿಟ್. ಮೇಷ್ಟರು ಎದುರಿಗಿಲ್ಲ ಎಂಬುದನ್ನು ತಿಳಿದೇ ಬರೆದ ಪುಸ್ತಕಗಳು ಇವು. ಅಲ್ಲಲ್ಲಿ ತಡೆದು ಪ್ರಶ್ನೆ ಕೇಳುತ್ತವೆ, ಯೂನಿಟ್ ಕೊನೆಯಲ್ಲಿ ಉತ್ತರದ ಸುಳಿವು ಕೊಡುತ್ತವೆ. ಸೇರದವರೂ ಇಜ್ಞಾನಕೋಶ ಜಾಲತಾಣದಲ್ಲಿ ಇವನ್ನು ಬಿಟ್ಟಿಯಾಗಿ ಓದಬಹುದು. ಶುಲ್ಕ ಕಟ್ಟುವ ಮೊದಲು ಒಂದು ಬ್ಲಾಕ್ ಇಳಿಸಿಕೊಂಡು ಮೂವತ್ತು ಪುಟ ಓದಿ ನೋಡಿ. ಓದಲು ಆಗದಿದ್ದರೆ ಅಷ್ಟು ದುಡ್ಡು ಉಳಿಯಿತು.

ನನಗೆ ಮೊದಲ ಮೂವತ್ತು ಪುಟಕ್ಕೆ ಹನ್ನೊಂದು ದಿನ ಬೇಕಾಯಿತು. ಕಾರಣ ಇಂಗ್ಲಿಷ್. ಈ ಎಂ.ಎ. ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಓದುವಂತಿಲ್ಲ, ಬರೆಯುವಂತಿಲ್ಲ. ಜನರ ವಿಶ್ವವಿದ್ಯಾಲಯ ಎಂದು ಕರೆದುಕೊಳ್ಳುವ ಸಂಸ್ಥೆಗೆ ನಾನು ಕಡಿಮೆ ಅಂಕ ಕೊಡುವುದು ಇಲ್ಲೇ. ಫ್ಯೂಡಲಿಸಂ ಎಂಬುದು ನಮ್ಮ ಶಾಲೆಯ ಊಳಿಗಮಾನ್ಯ ಪದ್ಧತಿಯೇ ಎಂದು ಹೊಳೆಯುವಷ್ಟರಲ್ಲಿ ಒಂದು ಯೂನಿಟ್ ದಾಟಿಹೋಗಿತ್ತು. ಸಂಘದ ಹಳೆಯ ಡೈರಿಯಲ್ಲಿ ನನ್ನದೇ ಪದಕೋಶ ಮಾಡಿಕೊಂಡೆ. ಮುಗಿಯುವ ಹೊತ್ತಿಗೆ ಅದರಲ್ಲಿ ನಾನೂರಕ್ಕೂ ಹೆಚ್ಚು ಪದಗಳಿದ್ದವು.

ಸಮಯದ ಲೆಕ್ಕವನ್ನೂ ಹಾಕಿಕೊಳ್ಳಿ. ನಾನು ಓದಿದ್ದು ಎಂಟು ಪತ್ರಿಕೆ, ತಲಾ ಎಂಟು ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಒಟ್ಟು 1,920 ಗಂಟೆ. ಎರಡೇ ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಎರಡೂವರೆ ಗಂಟೆಯ ಮೇಲಾಯಿತು, ಹಬ್ಬ, ಕೊಯ್ಲು, ಜ್ವರ ಯಾವುದನ್ನೂ ಬಿಡದೆ. ಅತ್ತೆಯವರಿಗೆ ಶಸ್ತ್ರಚಿಕಿತ್ಸೆಯಾದ ವರ್ಷ ನಾನು ಡಿಸೆಂಬರ್ ಪರೀಕ್ಷೆಗೆ ಹೆಸರೇ ಕೊಡಲಿಲ್ಲ. ಯಾರಿಗೂ ಅರ್ಜಿ ಬರೆಯಲಿಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಲಿಲ್ಲ. ಜೂನ್‌ನಲ್ಲಿ ಎರಡು ಪತ್ರಿಕೆಗೆ ಮಾತ್ರ ಶುಲ್ಕ ಕಟ್ಟಿ ಬರೆದೆ. ನಾಲ್ಕು ವರ್ಷದವರೆಗೆ ಹೀಗೆ ಸಾಗಬಹುದು, ಪಾಸಾದ ಪತ್ರಿಕೆ ಪಾಸಾಗಿಯೇ ಇರುತ್ತದೆ. ವಿದ್ಯಾರ್ಥಿ ಬೆಂಬಲ ಎಂದು ಕೈಪಿಡಿಯಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಸಿಕ್ಕ ಬೆಂಬಲ ಈ ಒಂದು ನಿಯಮ, ಮತ್ತು ಇದು ಸಾಕಾಯಿತು.

ಇನ್ನು ಅಸೈನ್‌ಮೆಂಟ್, ಅಂದರೆ ಮನೆಯಲ್ಲಿ ಉತ್ತರ ಬರೆದು ಕೇಂದ್ರಕ್ಕೆ ಒಪ್ಪಿಸುವುದು. ಒಟ್ಟು ಅಂಕದಲ್ಲಿ ಶೇ 30 ಇದಕ್ಕೆ, ಶೇ 70 ಪರೀಕ್ಷೆಗೆ. ಐದು ಪ್ರಶ್ನೆ, ಒಂದೊಂದಕ್ಕೂ ಸುಮಾರು 500 ಪದ, ಕೈಬರಹದಲ್ಲೇ. ಇದರಲ್ಲಿ ನಾನು ಮೂರ್ಖಳಾದ ಕಥೆ ಹೇಳಬೇಕು. ಪ್ರಶ್ನೆಗಳು ಸತ್ರದಿಂದ (ಸೆಷನ್) ಸತ್ರಕ್ಕೆ ಬದಲಾಗುತ್ತವೆ, ಆದರೆ ಪತ್ರಿಕೆಯ ಸಂಕೇತ ಹಾಗೇ ಇರುತ್ತದೆ. ನಾನು ಪ್ರಶ್ನೆಹಾಳೆಯ ತಲೆಯಲ್ಲಿದ್ದ ವರ್ಷ ನೋಡದೆ ಹಿಂದಿನ ಸತ್ರದ ಪ್ರಶ್ನೆಗಳಿಗೆ ಇಪ್ಪತ್ತೆರಡು ಪುಟ ಬರೆದುಕೊಂಡು ಹೋದೆ. ಕೇಂದ್ರದ ಗುಮಾಸ್ತೆ ಮೊದಲ ಹಾಳೆ ನೋಡಿ, ನಕ್ಕು, ವಾಪಸು ಕೊಟ್ಟರು. ತಪ್ಪು ಪೂರ್ತಿ ನನ್ನದೇ. ಬಸ್ಸಿನಲ್ಲಿ ಬರುವಾಗ ಅಳು ಬಂತು, ಮನೆಗೆ ಬಂದು ಮತ್ತೆ ಬರೆದೆ. ಜೆರಾಕ್ಸ್ ಅಂಗಡಿಗಳಲ್ಲಿ ಸಿದ್ಧ ಉತ್ತರಗಳು ಸಿಗುತ್ತವೆ. ಅವನ್ನು ನಕಲು ಮಾಡುವುದಾದರೆ ಎಂ.ಎ. ಮಾಡುವ ಸಂಕಟವೇಕೆ?

ಬರೆದದ್ದು ವ್ಯರ್ಥವಾಗುವುದಿಲ್ಲ ಎಂದು ತಿಳಿದದ್ದು ಭಾರತದ ಆರ್ಥಿಕ ಇತಿಹಾಸದ ಪತ್ರಿಕೆಯಲ್ಲಿ. ಭೂಕಂದಾಯದ ಪ್ರಶ್ನೆಗೆ ಅಕ್ಬರನ ಕಂದಾಯ ಮಂತ್ರಿ ತೋದರಮಲ್ಲನ ಬಗ್ಗೆ ಬರೆದಾದ ಮೇಲೆ, ಕೆಳದಿ ಇಕ್ಕೇರಿಯ ಸೀಮೆಯವಳಾಗಿ ಸುಮ್ಮನಿರಲಾಗದೆ, ಕೆಳದಿಯ ಅರಸ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿಯ ಬಗ್ಗೆ ಒಂದು ಪ್ಯಾರಾ ಸೇರಿಸಿದೆ: ನೆಲದ ಫಲವತ್ತತೆ ನೋಡಿ ಅವನು ಕಂದಾಯ ಗೊತ್ತುಪಡಿಸಿದ ಬಗೆ. ಮೌಲ್ಯಮಾಪನವಾಗಿ ಬಂದ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಇಂಗ್ಲಿಷ್ ಉತ್ತರದ ಪಕ್ಕ ಅಚ್ಚ ಕನ್ನಡದಲ್ಲಿ, ಒಂದು ಸಾಲು ಇತ್ತು: "ಸರಿ, ಆದರೆ ಅಡಿಕೆ ತೋಟಕ್ಕೆ ಹೇಗೆ ಹಾಕುತ್ತಿದ್ದ?" ಸಹಿ ಇರಲಿಲ್ಲ. ಮೂರೂವರೆ ವರ್ಷದಲ್ಲಿ ಯಾರೋ ನನ್ನೊಡನೆ ವಾದಕ್ಕೆ ನಿಂತದ್ದು ಅದೊಂದೇ ಸಲ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಯಾರು ತಿದ್ದಿದರೋ, ಅಂಕವಷ್ಟೇ ಬಂತು.

ಪದವಿಗೆ ಬೆಲೆ ಇದೆಯೇ ಎನ್ನುವವರಿಗೆ: ಮಾನ್ಯತೆ ಪಡೆದ ಮುಕ್ತ ಮತ್ತು ದೂರಶಿಕ್ಷಣದ ಪದವಿ ಸಾಮಾನ್ಯ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ನನಗಂತೂ ಬಡ್ತಿ ಸಿಗಲಿಲ್ಲ, ಅದಕ್ಕಾಗಿ ಓದಿದ್ದೂ ಅಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಪುಸ್ತಕಗಳು ಬೇಕಾದವರು ಸಂಘಕ್ಕೆ ಬಂದು ಒಯ್ಯಬಹುದು, ಪದಕೋಶದ ಡೈರಿಯನ್ನೂ ಕೊಡುತ್ತೇನೆ. ಕೆಂಪು ಶಾಯಿಯ ಆ ಹಾಳೆಯನ್ನು ಮಾತ್ರ ಕೇಳಬೇಡಿ. ಅಡಿಕೆ ತೋಟದ ಉತ್ತರ ಇನ್ನೂ ಹುಡುಕುತ್ತಿದ್ದೇನೆ.