ಗ್ರಂಥಾಲಯದ ಕಪಾಟೋ, ಶೋಧಗಂಗಾವೋ?

ಹಾಸನದ ವಿಶ್ವವಿದ್ಯಾಲಯ ಆವರಣವಾದ ಹೇಮಗಂಗೋತ್ರಿಯಲ್ಲಿ ಸ್ನಾತಕೋತ್ತರ ಕಿರುಪ್ರಬಂಧ ಬರೆಯುವವರು ಮೊದಲು ಎಲ್ಲಿ ಹುಡುಕಬೇಕೆಂಬುದನ್ನು ವಿಷಯವೇ ನಿರ್ಧರಿಸುತ್ತದೆ. ಹೊಯ್ಸಳ ಶಾಸನಗಳ ಅಧ್ಯಯನವಾದರೆ, 1902ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಂಥ ಆಕರಗಳನ್ನು ಮೇಜಿನ ಮೇಲೆ ಹರಡಿಕೊಂಡು ಪಾಠ, ಅನುವಾದಗಳನ್ನು ತಾಳೆ ನೋಡುವ ಅನುಕೂಲ ಮೊಬೈಲ್ ಪರದೆಯಲ್ಲಿ ಸಿಗದು. ಅಲ್ಲಿ ಗ್ರಂಥಾಲಯವೇ ಮೇಲು.

ಹಿಂದಿನ ಸಂಶೋಧನೆಯನ್ನು ಪರಿಶೀಲಿಸುವುದಕ್ಕೆ ಮಾತ್ರ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಆನ್‌ಲೈನ್ ಪ್ರಬಂಧ ಭಂಡಾರವಾದ ಶೋಧಗಂಗಾ ಮುಂದು. ಪಿಎಚ್.ಡಿ. ಮಹಾಪ್ರಬಂಧಗಳು ಅಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಒಂದೊಂದು ಅಧ್ಯಾಯವೂ ಬೇರೆ ಬೇರೆ ಪಿಡಿಎಫ್ ಆಗಿರುವುದರಿಂದ, ಸ್ಕ್ಯಾನ್ ಮಾಡಿದ ಕನ್ನಡ ಪ್ರಬಂಧಗಳಲ್ಲಿ ಪದ ಹುಡುಕಲು ಆಗದಿರುವುದರಿಂದ, ತಾಳ್ಮೆ ಬೇಕು. ಗುಣಮಟ್ಟವೂ ಒಂದೇ ತೆರನಲ್ಲ.

ವಿಜ್ಞಾನದವರಿಗೆ ಎರಡೂ ಸಾಲವು. ಸಂಶೋಧನಾ ನಿಯತಕಾಲಿಕೆಗಳನ್ನು ಸಂಸ್ಥೆಗಳಿಗೆ ಒದಗಿಸಲು ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಆರಂಭಿಸಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ನಿಯತಕಾಲಿಕೆಗಳು ತಮ್ಮ ಸಂಸ್ಥೆಗೆ ಲಭ್ಯವೇ ಎಂದು ಗ್ರಂಥಪಾಲಕರನ್ನು ಮೊದಲೇ ವಿಚಾರಿಸಿಕೊಳ್ಳಬೇಕು.